ಮಕ್ಕಳ ಮೂಳೆಯ ಅರ್ಬುದ

ಕಳೆದ ಸಂಚಿಕೆಯಲ್ಲಿ ಮಕ್ಕಳ ಹಾಲುಹಲ್ಲುಗಳ ವಿಷಯವನ್ನು ಬರೆದು, ಈ ತಿಂಗಳು ಮಳೆಗಾಲದ ಕೆಮ್ಮು ನೆಗಡಿಗಳ ವಿಚಾರವನ್ನು ಎತ್ತಿಕೊಳ್ಳುವೆವೆಂದು ವಾಚಕರಿಗೆ ಮಾತು ಕೊಟ್ಟಿದ್ದೆವು. ಆ ಮಾತನ್ನು ನಡೆಯಿಸಲಾರದೆ ಹೋದೆವು. ಹಿಂದಿನ ಭಾನುವಾರ ಬೆಳಗ್ಗೆ ಮಳೆಯು ಸ್ವಲ್ಪ ಹೊಳವಾಗಿದ್ದಾಗ, ಹೆಗ್ಗದ್ದೆಯ ನಮ್ಮ ಮನೆಯ ಜಗಲಿಗೆ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಕೋಲಿನ ಆಸರೆಯಿಲ್ಲದೆ ತಾನೇ ಮೆಟ್ಟಿಲು ಹತ್ತಿ ಬಂದು ನಿಂತಳು. ಹಿಂದೆ ಅವಳ ತಾಯಿ, ಕಾಫಿತೋಟದಲ್ಲಿ ಕೆಲಸಮಾಡುವ ಹೆಂಗಸು, ಕೊಡೆ ಮಡಿಸುತ್ತ ಬಂದಳು. ಎರಡು ವರ್ಷಗಳ ಕೆಳಗೆ ಇದೇ ತಾಯಿ ಇದೇ ಜಗಲಿಯಲ್ಲಿ ಕುಳಿತು, “ಮೇಷ್ಟ್ರೇ, ಹುಡುಗಿ ರಾತ್ರಿಯೆಲ್ಲ ಮಂಡಿ ಹಿಡ್ಕೊಂಡು ಅಳ್ತಾಳೆ. ಹಗಲು ಆಡ್ಕೊಂಡಿರ್ತಾಳೆ. ಏನ್ಮಾಡೋದು?” ಎಂದು ಕೇಳಿದ್ದಳು. ಅವರಿಬ್ಬರೂ ಕಾಫಿ ಕುಡಿದು ಹೊರಟಮೇಲೆ ನೆರೆಮನೆಯ ಹಿರಿಯರೊಬ್ಬರು, “ಮಕ್ಕಳಿಗೂ ಕ್ಯಾನ್ಸರ್ ಬರುತ್ತದೆಯೇ? ಅದೂ ಮೂಳೆಗೆ?” ಎಂದು ಬೆರಗಾಗಿ ಕೇಳಿದರು. ಅಕ್ಷರಸ್ಥರಾದ ಗೃಹಸ್ಥರಲ್ಲಿಯೂ ಈ ಸಂಗತಿಯನ್ನು ಅರಿತವರು ಕಡಮೆಯೆಂದು ನಮಗೆ ಆಗ ತೋರಿತು. ಕೆಮ್ಮು ನೆಗಡಿಗಳು ಎಲ್ಲಿಗೂ ಓಡಿಹೋಗುವುದಿಲ್ಲವಷ್ಟೆ. ಈ ಸಲ ಇದನ್ನೇ ಬರೆಯುವೆವು.

ಬರೆಯುವುದಕ್ಕೆ ಇನ್ನೊಂದು ಕಾರಣವೂ ಉಂಟು. ಅದನ್ನು ಮರೆಮಾಚಿ ಮುಂದುವರಿದರೆ ವಾಚಕರನ್ನು ವಂಚಿಸಿದಂತಾದೀತು. ೧೯೯೧ನೆಯ ಇಸವಿಯಲ್ಲಿ ನಾವು ಉಪಾಧ್ಯಾಯರಾಗಿ ಸೇರಿ ಎರಡು ವರ್ಷಗಳೂ ತುಂಬಿರಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ಹದಿನಾಲ್ಕು ವರ್ಷದ ಎತ್ತರವಾದ ಹುಡುಗನೊಬ್ಬನಿದ್ದನು. ಕಬಡ್ಡಿಯಲ್ಲಿ ಶಾಲೆಗೇ ಮುಂದು. ಆ ವರ್ಷ ಜುಲೈ ತಿಂಗಳಿಂದ ಅವನು ಡ್ರಿಲ್ಲಿಗೆ ನಿಲ್ಲಲೊಲ್ಲದೆ, “ಮಂಡಿ ನೋವು, ಸಾರ್” ಎನ್ನತೊಡಗಿದನು. ಬೆಳೆಯುವ ವಯಸ್ಸಿನಲ್ಲಿ ಕೈಕಾಲು ನೋಯುವುದು ಸಹಜವೆಂದೂ ಸೋಮಾರಿತನಕ್ಕೆ ನೆವ ಹುಡುಕಬಾರದೆಂದೂ ತರಗತಿಯೆಲ್ಲ ಕೇಳುವಂತೆ ಅವನಿಗೆ ಹೇಳಿದವರು ನಾವೇ. ಒಂದು ದಿನ ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು. ಮನೆಯವರು ಆಟದಲ್ಲಿ ಬಿದ್ದ ಉಳುಕೆಂದು ಬಗೆದು ಎಣ್ಣೆ ಹಾಕಿ ನೀವಿಸಿದರು. ಸೊಪ್ಪು ಅರೆದು ಕಟ್ಟಿಸಿದರು. ಕಟ್ಟು ಬಿಚ್ಚಿ ಮತ್ತೆ ಕಟ್ಟಿಸಿದರು. ದೀಪಾವಳಿಯ ಹೊತ್ತಿಗೆ ಮಂಡಿಯ ಮೇಲ್ಗಡೆ ತೆಂಗಿನಕಾಯಿಯಷ್ಟು ಬಾವು ಎದ್ದು, ಚರ್ಮವು ಮಿರುಗುತ್ತಿದ್ದಿತು. ಪಟ್ಟಣದಲ್ಲಿ ಎಕ್ಸ್‌ರೇ ತೆಗೆಸಿ ಬೆಂಗಳೂರಿಗೆ ಕರೆದುಕೊಂಡು ಹೋಗುವಷ್ಟರಲ್ಲಿ ರೋಗವು ಶ್ವಾಸಕೋಶಕ್ಕೆ ಏರಿದ್ದಿತು. ಕಾಲನ್ನು ತೊಡೆಯ ಬಳಿ ತೆಗೆದರು. ಮರುವರ್ಷದ ಯುಗಾದಿಗೆ ಹುಡುಗನಿರಲಿಲ್ಲ. ತಿದ್ದುವುದಕ್ಕೆಂದು ತಂದಿದ್ದ ಅವನ ಸಂಸ್ಕೃತದ ನೋಟುಪುಸ್ತಕವು ಈಗಲೂ ನಮ್ಮ ಪೆಟ್ಟಿಗೆಯಲ್ಲಿದೆ.

ಈ ರೋಗವೆಂತಹದು ಎಂಬುದನ್ನು ಇನ್ನು ನೋಡುವ. ನಮ್ಮ ಉದ್ದಮೂಳೆಗಳು ನಡುವೆ ಬೆಳೆಯುವುದಿಲ್ಲ. ತುದಿಗಳಲ್ಲಿ, ಕೀಲಿನ ಸಮೀಪದಲ್ಲಿ ಬೆಳೆಯುತ್ತವೆ. ಹತ್ತು ವರ್ಷದಿಂದ ಇಪ್ಪತ್ತರ ಒಳಗೆ ಮಕ್ಕಳು ಒಮ್ಮೆಗೇ ಉದ್ದವಾಗುವುದನ್ನು, ಹೋದ ವರ್ಷ ಹೊಲಿಸಿದ ಚಡ್ಡಿ ಲಂಗಗಳು ಈ ವರ್ಷ ಗಿಡ್ಡವಾಗುವುದನ್ನು, ತಾಯಂದಿರು ಬಲ್ಲರು. ಆ ಕಾಲದಲ್ಲಿ ಮೂಳೆಯನ್ನು ಕಟ್ಟುವ ಜೀವಕೋಶಗಳು ಅತಿ ವೇಗದಿಂದ ಒಡೆದು ಇಮ್ಮಡಿಯಾಗುತ್ತಿರುತ್ತವೆ. ಅವುಗಳಲ್ಲಿ ಯಾವುದೋ ಒಂದು, ನಿಲ್ಲಬೇಕಾದಲ್ಲಿ ನಿಲ್ಲದೆ, ಕಟ್ಟಳೆ ತಪ್ಪಿ ಬೆಳೆಯತೊಡಗಿದರೆ ಅದೇ ಆಸ್ಟಿಯೋಸಾರ್ಕೋಮವೆಂಬ ಅರ್ಬುದ. ತೊಡೆಯ ಮೂಳೆಯ ಕೆಳತುದಿ, ಮಂಡಿಯ ಕೆಳಗಿನ ಮೂಳೆಯ ಮೇಲ್ತುದಿ, ಭುಜದ ಬಳಿಯ ತೋಳಿನ ಮೂಳೆ, ಇವು ಅದರ ಮುಖ್ಯ ಸ್ಥಾನಗಳು. ಬೆಳವಣಿಗೆಯು ಎಲ್ಲಿ ಹೆಚ್ಚೋ ಅಲ್ಲಿಯೇ ರೋಗವೂ ಹೆಚ್ಚು. ಎರಡನೆಯದು ಯೂಯಿಂಗ್ ಸಾರ್ಕೋಮವೆಂಬುದು. ನ್ಯೂಯಾರ್ಕಿನ ಜೇಮ್ಸ್ ಯೂಯಿಂಗರು ೧೯೨೧ರಲ್ಲಿ ಇದನ್ನು ಬೇರೆ ರೋಗವೆಂದು ವಿವರಿಸಿದರು. ಇದು ಸೊಂಟದ ಮೂಳೆ, ಪಕ್ಕೆಲುಬು ಮೊದಲಾದುವುಗಳಲ್ಲಿಯೂ ಉದ್ದಮೂಳೆಗಳ ನಡುಭಾಗದಲ್ಲಿಯೂ ಹುಟ್ಟುವುದುಂಟು. ಕೆಲವೊಮ್ಮೆ ಜ್ವರವನ್ನೂ ತರುವುದರಿಂದ ಕೀವಿನ ಬಾವೆಂದು ವೈದ್ಯರನ್ನೇ ದಾರಿ ತಪ್ಪಿಸುತ್ತದೆ. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಈ ಮೂಳೆಯ ಜಾತಿಯವು ನೂರರಲ್ಲಿ ಹೆಚ್ಚುಕಡಮೆ ಐದು ಮಾತ್ರ. ಅಪರೂಪವೆಂಬುದೇ ಇದರ ದೊಡ್ಡ ಅಪಾಯ. ಅಪರೂಪವಾದುದು ಯಾರ ನೆನಪಿಗೂ ಬರುವುದಿಲ್ಲ.

ಕಾರಣವೇನೆಂದು ಕೇಳಿದರೆ, ಬಹುಪಾಲು ಮಕ್ಕಳಲ್ಲಿ ಇಂಥದೇ ಎಂದು ತೋರಿಸುವ ಕಾರಣವಿಲ್ಲ. ಕೆಲವೇ ಮನೆತನಗಳಲ್ಲಿ ವಂಶವಾಹಿಯ ದೋಷವುಂಟು. ಬಿದ್ದುದರಿಂದಾಗಲಿ ಪೆಟ್ಟಿನಿಂದಾಗಲಿ ಇದು ಹುಟ್ಟುವುದಿಲ್ಲ. ಬಿದ್ದ ನೆವದಿಂದ ಆ ಕಾಲಿನ ಕಡೆಗೆ ನಮ್ಮ ದೃಷ್ಟಿ ಹರಿಯುತ್ತದೆ, ಅಷ್ಟೆ. ಅಂಟುರೋಗವಂತೂ ಅಲ್ಲ. ಈಗಿನ ಊಟತಿಂಡಿಗಳಿಂದ, ಗೊಬ್ಬರ ಔಷಧಿಗಳಿಂದ ಬಂದಿತೆಂದು ಜಗಲಿಯ ಮೇಲೆ ತೀರ್ಪು ಕೊಡುವ ಮಹನೀಯರಿಗೆ ಒಂದು ಸಂಗತಿಯನ್ನು ಅರಿಕೆಮಾಡುವೆವು. ಕೆನಡಾ ದೇಶದ ಆಲ್ಬರ್ಟಾ ಪ್ರಾಂತದಲ್ಲಿ ಅಗೆದು ತೆಗೆದ ಒಂದು ಡೈನೋಸಾರಿನ ಕಾಲಿನ ಮೂಳೆಯಲ್ಲಿ ಇದೇ ಅರ್ಬುದವಿದ್ದಿತೆಂದು ೨೦೨೦ರಲ್ಲಿ ಪಂಡಿತರು ಪ್ರಕಟಿಸಿದರು. ಆ ಪ್ರಾಣಿಯು ಬದುಕಿದ್ದದ್ದು ೭ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ. ಇಂದಿಗೂ ಗ್ರೇಟ್ ಡೇನ್ ಮೊದಲಾದ ಭಾರಿ ಗಾತ್ರದ ನಾಯಿಗಳಿಗೆ ಈ ರೋಗವು ಧಾರಾಳವಾಗಿ ಬರುತ್ತದೆ. ತಾಯಿತಂದೆಗಳು ತಮ್ಮ ಯಾವ ತಪ್ಪಿನಿಂದ ಹೀಗಾಯಿತೆಂದು ಕೊರಗಬೇಕಾದುದಿಲ್ಲ.

ನಮ್ಮ ಪೂರ್ವಿಕರಿಗೂ ಅರ್ಬುದವು ಅಪರಿಚಿತವಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಅದಕ್ಕೆಂದೇ ವಿವರವುಂಟು. ಒಂದು ಅರ್ಬುದದ ಮೇಲೆ ಅಥವಾ ಬಳಿಯಲ್ಲಿ ಹುಟ್ಟುವ ಇನ್ನೊಂದಕ್ಕೆ ಅಧ್ಯರ್ಬುದವೆಂದು ಹೆಸರಿಟ್ಟು, ಅದು ಅಸಾಧ್ಯವೆಂದು ಹೇಳಿದೆ. ಸಂಸ್ಕೃತದಲ್ಲಿ ಎಲ್ಲವೂ ಇದ್ದಿತೆಂದು ಎದೆ ತಟ್ಟಿಕೊಳ್ಳುವವರ ಗುಂಪಿಗೆ ನಾವು ಸೇರಿದವರಲ್ಲ. ಆದರೆ ಚಿಕಿತ್ಸಾಸ್ಥಾನದಲ್ಲಿ ಅದೇ ಆಚಾರ್ಯನು ಹೇಳಿರುವ ಒಂದು ಮಾತು ನಮ್ಮನ್ನು ಬಹುಕಾಲ ಕಾಡಿದೆ. ಅರ್ಬುದವನ್ನು ನಿಶ್ಶೇಷವಾಗಿ ತೆಗೆಯಬೇಕು. ಶೇಷವುಳಿದರೆ ಅದು ಉಳಿದ ಬೆಂಕಿಯಂತೆ ಮತ್ತೆ ಎದ್ದು ಕೊಲ್ಲುತ್ತದೆ, ಎಂಬುದು ಅದರ ತಾತ್ಪರ್ಯ. ಮೂಳೆಯ ಅರ್ಬುದದ ವಿಷಯವಾಗಿ ಕಳೆದ ಐವತ್ತು ವರ್ಷಗಳಲ್ಲಿ ನಡೆದುದೆಲ್ಲವೂ ಈ ಶೇಷದ ಬೇಟೆಯೇ ಆಗಿದೆ.

ಏಕೆಂದರೆ ೧೯೭೦ಕ್ಕೆ ಮುಂಚೆ ಜಗತ್ತಿನ ಯಾವ ದೊಡ್ಡ ಆಸ್ಪತ್ರೆಯಲ್ಲಾದರೂ ಇದಕ್ಕೆ ಇದ್ದುದು ಒಂದೇ ಉಪಾಯ, ಕಾಲನ್ನೋ ಕೈಯನ್ನೋ ಕತ್ತರಿಸುವುದು. ಅಷ್ಟುಮಾಡಿಯೂ ನೂರು ಮಕ್ಕಳಲ್ಲಿ ಇಪ್ಪತ್ತು ಮಂದಿಯೂ ಉಳಿಯುತ್ತಿರಲಿಲ್ಲ. ಕೆಲವು ತಿಂಗಳಲ್ಲಿ ಶ್ವಾಸಕೋಶದಲ್ಲಿ ಗಂಟುಗಳು ಕಾಣಿಸುತ್ತಿದ್ದುವು. ಮೂಳೆಯನ್ನು ಬುಡಸಹಿತ ತೆಗೆದಮೇಲೆ ಇವು ಎಲ್ಲಿಂದ ಬಂದುವು? ಶಸ್ತ್ರವೈದ್ಯನು ಕತ್ತಿ ಹಿಡಿಯುವುದಕ್ಕೆ ಮೊದಲೇ ರೋಗದ ಬೀಜಗಳು ರಕ್ತದೊಡನೆ ಹರಿದು ಅಲ್ಲಿ ಹೋಗಿ ಕುಳಿತಿದ್ದುವು. ಯಾವ ಚಿತ್ರದಲ್ಲಿಯೂ ಕಾಣದಷ್ಟು ಸೂಕ್ಷ್ಮವಾಗಿದ್ದುವು. ಕಣ್ಣಿಗೆ ಕಾಣದ ಈ ಶೇಷವನ್ನು ಕತ್ತಿಯಿಂದ ತೆಗೆಯಲಾಗದು. ರಕ್ತವು ಹರಿದಲ್ಲೆಲ್ಲ ಹರಿಯುವ ಔಷಧವು ಬೇಕಾಗಿದ್ದಿತು.

ಆ ಔಷಧದ ಕಥೆಯು ನಮ್ಮ ದೇಶವನ್ನೂ ಸೋಕಿ ಹೋಗುತ್ತದೆಯಾದುದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುವೆವು. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಮುಂಬಯಿಯ ಬಡ ಗರ್ಭಿಣಿಯರಲ್ಲಿ ಕಾಣುತ್ತಿದ್ದ ರಕ್ತಹೀನತೆಯನ್ನು ಪರಿಶೋಧಿಸುತ್ತಿದ್ದು, ಯೀಸ್ಟಿನ ಸಾರವನ್ನು ಕೊಟ್ಟರೆ ಅದು ಗುಣವಾಗುವುದೆಂದು ೧೯೩೧ರಲ್ಲಿ ಪ್ರಕಟಿಸಿದಳು. ಆ ಸಾರದಲ್ಲಿದ್ದ ವಸ್ತುವೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ಈಗ ಪ್ರತಿಯೊಬ್ಬ ಬಸುರಿಗೂ ಸರ್ಕಾರದ ಆಸ್ಪತ್ರೆಯಲ್ಲಿ ಕೊಡುವ ಮಾತ್ರೆಯಲ್ಲಿ ಕಬ್ಬಿಣದೊಡನೆ ಇರುವುದು ಅದೇ. ಜೀವಕೋಶವು ಒಡೆದು ಎರಡಾಗಬೇಕಾದರೆ ಅದಕ್ಕೆ ಈ ಆಮ್ಲವು ಬೇಕೇ ಬೇಕು. ಹಾಗಾದರೆ ಅದರಂತೆಯೇ ಕಾಣುವ ಒಂದು ಹುಸಿವಸ್ತುವನ್ನು ಒಳಗೆ ಕಳುಹಿಸಿದರೆ? ಬೀಗಕ್ಕೆ ಸೇರುವುದು, ಆದರೆ ತಿರುಗದು. ನಿಜವಾದ ಬೀಗದಕೈಗೂ ಎಡೆಗೊಡದು. ಅಂತಹ ಹುಸಿ ಬೀಗದಕೈಗಳನ್ನು ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಲ್ಲಿ ತಯಾರಿಸಿದ ತಂಡದ ಮುಖ್ಯಸ್ಥನು ಯೆಲ್ಲಾಪ್ರಗಡ ಸುಬ್ಬರಾಯನು. ೧೮೯೫ರಲ್ಲಿ ಆಂಧ್ರದ ಭೀಮವರದಲ್ಲಿ ಹುಟ್ಟಿ, ಅಮೆರಿಕಕ್ಕೆ ಹೋಗಿ ದುಡಿದು, ೧೯೪೮ರಲ್ಲಿ ತೀರಿಕೊಂಡ ಈ ಪುರುಷನ ಹೆಸರು ನಮ್ಮ ಪಾಠಪುಸ್ತಕಗಳಲ್ಲಿ ಎಷ್ಟು ಅಪರೂಪವೆಂಬುದನ್ನು ನೆನೆದರೆ ಉಪಾಧ್ಯಾಯರಾದ ನಮಗೇ ನಾಚಿಕೆಯಾಗುತ್ತದೆ. ಅವನ ತಂಡದ ಔಷಧವನ್ನು ಬಾಸ್ಟನ್ ನಗರದ ಸಿಡ್ನಿ ಫಾರ್ಬರರು ರಕ್ತದ ಕ್ಯಾನ್ಸರಾದ ಮಕ್ಕಳಿಗೆ ಕೊಟ್ಟು, ೧೯೪೮ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಅದರ ಒಡಹುಟ್ಟಾದ ಮಿಥೋಟ್ರೆಕ್ಸೇಟ್ ಎಂಬುದೇ ಮೂಳೆಯ ಅರ್ಬುದಕ್ಕೆ ಬಂದೊದಗಿತು.

ಮೂಳೆಯ ಅರ್ಬುದವಾದರೋ ಸಾಧಾರಣ ಪ್ರಮಾಣಕ್ಕೆ ಬಗ್ಗದು. ೧೯೭೦ರ ದಶಕದ ಆದಿಯಲ್ಲಿ ಬಾಸ್ಟನ್ನಿನ ನಾರ್ಮನ್ ಜಾಫೆ ಮೊದಲಾದ ವೈದ್ಯರು, ಮನುಷ್ಯನನ್ನು ಕೊಲ್ಲುವಷ್ಟು ದೊಡ್ಡ ಪ್ರಮಾಣವನ್ನು ರಕ್ತನಾಳಕ್ಕೆ ಹರಿಸಿ, ಸುಮಾರು ಒಂದು ದಿನದ ಮೇಲೆ ಅದರ ಪ್ರತಿವಿಷವಾದ ಲ್ಯೂಕೋವೊರಿನ್ ಎಂಬುದನ್ನು ಕೊಟ್ಟು ಮಗುವನ್ನು ಮೇಲೆತ್ತುವ ಉಪಾಯವನ್ನು ಹೂಡಿದರು. ವಿಷ ಕೊಟ್ಟು ಗಡಿಯಾರ ನೋಡುತ್ತ ಕುಳಿತುಕೊಳ್ಳುವ ಈ ಧೈರ್ಯವನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಮಗುವಿನ ತಾಯಿಯ ಧೈರ್ಯವು ಅದಕ್ಕಿಂತ ದೊಡ್ಡದು. ಇದರ ಜೊತೆಗೆ ಇನ್ನೆರಡು ಔಷಧಗಳು ಸೇರಿದುವು. ಅಡ್ರಿಯಮೈಸಿನ್ ಎಂಬುದು ಮಣ್ಣಿನ ಸೂಕ್ಷ್ಮಜೀವಿಯಿಂದ ಬಂದುದು. ಇಟಲಿಯ ಮಗ್ಗುಲ ಏಡ್ರಿಯಾಟಿಕ್ ಸಮುದ್ರದಿಂದ ಅದಕ್ಕೆ ಆ ಹೆಸರು. ಬಣ್ಣವು ಕುಂಕುಮದ ನೀರಿನಂತೆ ಕೆಂಪು. ಸಿಸ್‌ಪ್ಲಾಟಿನ್ ಎಂಬುದು ಪ್ಲಾಟಿನಂ ಲೋಹದ್ದು. ೧೯೬೫ರಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ಅಮೆರಿಕದ ವಿಜ್ಞಾನಿಯು, ವಿದ್ಯುತ್ತು ಹರಿಸಿದರೆ ಸೂಕ್ಷ್ಮಜೀವಿಗಳು ಏನಾಗುವುವೆಂದು ನೋಡಹೊರಟು, ಅವು ಒಡೆಯುವುದನ್ನೇ ನಿಲ್ಲಿಸಿದುದನ್ನು ಕಂಡನು. ಹುಡುಕಿದರೆ, ಕೆಲಸಮಾಡಿದ್ದು ವಿದ್ಯುತ್ತಲ್ಲ, ತಂತಿಯಿಂದ ಕರಗಿದ ಪ್ಲಾಟಿನಂ!

ಇಷ್ಟಾದರೂ ಸಂಶಯಪಡುವವರಿದ್ದರು. ಮಕ್ಕಳು ಹೆಚ್ಚಾಗಿ ಬದುಕುತ್ತಿರುವುದು ಔಷಧದಿಂದಲೋ, ರೋಗವೇ ಮೊದಲಿಗಿಂತ ಸೌಮ್ಯವಾಗಿದೆಯೋ ಎಂಬ ವಿವಾದವು ವರ್ಷಗಟ್ಟಲೆ ನಡೆಯಿತು. ಕೊನೆಗೆ ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆಯಾದ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡಮಾಡಿ, ಒಂದಕ್ಕೆ ಔಷಧ ಕೊಟ್ಟು ಇನ್ನೊಂದನ್ನು ಬರಿದೆ ಕಾದು ನೋಡಿದರು. ೧೯೮೬ರಲ್ಲಿ ಫಲವು ಪ್ರಕಟವಾಯಿತು. ಎರಡು ವರ್ಷಗಳ ಮೇಲೆ ರೋಗವು ಮರುಕಳಿಸದೆ ಇದ್ದವರು, ಔಷಧವಿಲ್ಲದವರಲ್ಲಿ ನೂರಕ್ಕೆ ೧೭. ಔಷಧ ಪಡೆದವರಲ್ಲಿ ನೂರಕ್ಕೆ ೬೬. ವಿವಾದವು ಅಲ್ಲಿಗೆ ಮುಗಿಯಿತು.

೧೯೮೬ ಎಂಬ ಈ ಅಂಕೆಯನ್ನು ವಾಚಕರು ಗಮನಿಸಬೇಕು. ನಮ್ಮ ಹುಡುಗನ ಮಂಡಿ ನೋಯತೊಡಗಿದ್ದು ೧೯೯೧ರಲ್ಲಿ. ಔಷಧವು ಲೋಕದಲ್ಲಿ ಇರಲಿಲ್ಲವೆಂದು ನಾವು ಬಹುಕಾಲ ಸಮಾಧಾನಮಾಡಿಕೊಂಡಿದ್ದೆವು. ಅದು ನಿಜವಲ್ಲ. ಔಷಧವಿದ್ದಿತು, ಬೆಂಗಳೂರಿನಲ್ಲಿ ವೈದ್ಯರೂ ಇದ್ದರು. ಜುಲೈಯಿಂದ ದೀಪಾವಳಿಯವರೆಗಿನ ನಾಲ್ಕು ತಿಂಗಳು ನಡುವೆ ಅಡ್ಡವಿದ್ದುವು.

ಕಾಲನ್ನು ಉಳಿಸುವ ವಿದ್ಯೆಯು ಬೆಳೆದ ಬಗೆಯೂ ವಿಚಿತ್ರವಾದುದು. ೧೯೭೦ರ ದಶಕದಲ್ಲಿ ನ್ಯೂಯಾರ್ಕಿನ ಒಂದು ಆಸ್ಪತ್ರೆಯವರು ಕೆಟ್ಟ ಮೂಳೆಯನ್ನಷ್ಟೇ ತೆಗೆದು ಅದರ ಸ್ಥಾನದಲ್ಲಿ ಲೋಹದ ಮೂಳೆಯನ್ನು ಕೂಡಿಸಲು ತೊಡಗಿದರು. ಪ್ರತಿಯೊಬ್ಬ ರೋಗಿಯ ಅಳತೆಗೂ ಲೋಹವನ್ನು ಎರಕ ಹೊಯ್ಯಿಸಿ ತರಲು ಎರಡು ಮೂರು ತಿಂಗಳು ಹಿಡಿಯುತ್ತಿದ್ದಿತು. ಅಷ್ಟು ದಿನ ಸುಮ್ಮನಿರಲಾಗದೆ ಜೆರಾಲ್ಡ್ ರೋಸನ್ ಎಂಬ ವೈದ್ಯರು ಆ ಅವಧಿಯಲ್ಲಿಯೇ ಔಷಧವನ್ನು ಕೊಟ್ಟರು. ನೋಡಿದರೆ ಬಾವು ಇಳಿದಿದೆ, ನೋವಡಗಿದೆ, ಶಸ್ತ್ರಕ್ರಿಯೆಯು ಸುಲಭವಾಗಿದೆ! ತೆಗೆದ ಮೂಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ನೂರರಲ್ಲಿ ತೊಂಬತ್ತು ಪಾಲಿಗೂ ಮೇಲ್ಪಟ್ಟು ರೋಗಕೋಶಗಳು ಸತ್ತಿದ್ದರೆ ಮುಂದೆ ಒಳ್ಳೆಯದಾಗುವುದೆಂದು ಹೇಳುವ ದಾರಿಯೂ ಸಿಕ್ಕಿತು. ಎರಕದವರ ತಡದಿಂದ ಹುಟ್ಟಿದ ಈ ಕ್ರಮವೇ, ಎಂದರೆ ಮೊದಲು ಕೆಲವು ವಾರ ಔಷಧ, ನಡುವೆ ಶಸ್ತ್ರ, ಮತ್ತೆ ಔಷಧ ಎಂಬುದೇ, ಈಗ ಎಲ್ಲೆಡೆಯೂ ನಡೆಯುತ್ತಿದೆ.

ಈಗ ಈ ರೋಗದ ಮಕ್ಕಳಲ್ಲಿ ಹೆಚ್ಚಿನವರಿಗೆ ಕೈಕಾಲು ಕತ್ತರಿಸಬೇಕಾಗಿ ಬರುವುದಿಲ್ಲ. ಇನ್ನೂ ಬೆಳೆಯುವ ಮಗುವಿಗೆ, ಹೊರಗಿನಿಂದ ಅಯಸ್ಕಾಂತದ ಬಲದಿಂದಲೇ ಸ್ವಲ್ಪಸ್ವಲ್ಪವಾಗಿ ಉದ್ದಮಾಡಬಹುದಾದ ಲೋಹದ ಮೂಳೆಗಳೂ ಬಂದಿವೆ. ಬೆಲೆ ಮಾತ್ರ ನಮ್ಮಂತಹವರಿಗೆ ಎಟುಕುವಂತಹದಲ್ಲ. ನಮ್ಮ ದೇಶದ ವೈದ್ಯರು ಹಿಡಿದ ಒಂದು ಅಗ್ಗದ ದಾರಿಯುಂಟು. ರೋಗ ಹಿಡಿದ ಮೂಳೆಯ ತುಂಡನ್ನು ಹೊರತೆಗೆದು, ಶುಚಿಮಾಡಿ, ದೇಹದ ಹೊರಗೇ ಅದಕ್ಕೆ ಬಲವಾದ ವಿಕಿರಣವನ್ನು ಕೊಟ್ಟು ಉಳಿದ ರೋಗಕೋಶಗಳನ್ನೆಲ್ಲ ಕೊಂದು, ಅದನ್ನೇ ತಿರುಗಿ ಅದರ ಸ್ಥಾನದಲ್ಲಿ ಕೂಡಿಸಿ ತಗಡು ಮೊಳೆಗಳಿಂದ ಬಿಗಿಯುತ್ತಾರೆ. ಮಗುವಿನ ಮೂಳೆ ಮಗುವಿಗೇ ಮರಳಿತು! ಇನ್ನೊಂದು ಬಗೆಯಲ್ಲಿ, ಮಂಡಿಯ ಭಾಗವನ್ನು ತೆಗೆದು, ಕೆಳಗಿನ ಕಾಲನ್ನು ಹಿಂದುಮುಂದಾಗಿ ತಿರುಗಿಸಿ ತೊಡೆಗೆ ಜೋಡಿಸುತ್ತಾರೆ. ಪಾದದ ಗಂಟೇ ಮಂಡಿಯಾಗಿ ಮಡಿಚಿಕೊಳ್ಳುತ್ತದೆ, ಕೆಳಗೆ ಕೃತಕ ಕಾಲನ್ನು ತೊಡಿಸಿದರೆ ಮಗುವು ಓಡಲೂ ಬಲ್ಲುದು. ನೋಡುವವರ ಕಣ್ಣಿಗೆ ಮೊದಲು ಅಸಹ್ಯವೆನಿಸಬಹುದು. ಮರ ಹತ್ತುವ ಹುಡುಗನಿಗೆ ಅದರ ಗೊಡವೆಯಿಲ್ಲವೆಂದು ಬಲ್ಲವರು ಹೇಳುತ್ತಾರೆ.

ಕತ್ತರಿಸಲೇಬೇಕಾದ ಪ್ರಸಂಗಗಳೂ ಇಲ್ಲದಿಲ್ಲ. ಕೆನಡಾದ ಟೆರ್ರಿ ಫಾಕ್ಸ್ ಎಂಬ ತರುಣನಿಗೆ ೧೯೭೭ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಬಲಗಾಲನ್ನು ಹೀಗೆಯೇ ತೆಗೆದರು. ಅವನು ಈ ರೋಗದ ಪರಿಶೋಧನೆಗೆ ಹಣ ಕೂಡಿಸಬೇಕೆಂದು ೧೯೮೦ರಲ್ಲಿ ಕೃತಕ ಕಾಲಿನಿಂದ ದೇಶದ ಉದ್ದಕ್ಕೂ ಓಡಹೊರಟು, ೧೪೩ ದಿನಗಳಲ್ಲಿ ೫,೩೭೩ ಕಿಲೋಮೀಟರು ಓಡಿದನು. ಶ್ವಾಸಕೋಶದಲ್ಲಿ ಉಳಿದಿದ್ದ ಶೇಷವು ಅಲ್ಲಿಗೆ ಅವನನ್ನು ನಿಲ್ಲಿಸಿತು. ೧೯೮೧ರಲ್ಲಿ ತೀರಿಕೊಂಡನು.

ಇಷ್ಟು ಹೇಳಿ ಎಲ್ಲವೂ ಗೆದ್ದಂತಾಯಿತೆಂಬ ಭ್ರಮೆಯನ್ನು ಹುಟ್ಟಿಸಲಾರೆವು. ರೋಗವು ಬೇರೆಡೆಗೆ ಹರಡಿದಂತೆ ಕಾಣದೆ ಇದ್ದಾಗ ಬಂದ ಮಕ್ಕಳಲ್ಲಿ, ಪೂರ್ಣ ಚಿಕಿತ್ಸೆಯಾದರೆ, ಈಗ ನೂರಕ್ಕೆ ಅರವತ್ತರಿಂದ ಎಪ್ಪತ್ತು ಮಂದಿ ಉಳಿಯುತ್ತಾರೆ. ಹರಡಿದಮೇಲೆ ಬಂದವರಲ್ಲಿ ನೂರಕ್ಕೆ ಮೂವತ್ತನ್ನು ಮುಟ್ಟುವುದೂ ಕಷ್ಟ. ಆಸ್ಟಿಯೋಸಾರ್ಕೋಮದ ಈ ಅಂಕೆಯು ೧೯೮೦ರ ದಶಕದಿಂದ ಈಚೆಗೆ ಹೆಚ್ಚು ಮೇಲೆದ್ದಿಲ್ಲ. ೨೦೦೫ರಿಂದ ೨೦೧೧ರವರೆಗೆ ೧೭ ದೇಶಗಳ ವೈದ್ಯರು ಕೂಡಿ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಸೇರಿಸಿಕೊಂಡು ಒಂದು ಮಹಾಪರೀಕ್ಷೆಯನ್ನು ನಡೆಯಿಸಿದರು. ಮೊದಲ ಔಷಧಕ್ಕೆ ಸರಿಯಾಗಿ ಬಗ್ಗದ ರೋಗಕ್ಕೆ ಇನ್ನೆರಡು ಔಷಧಗಳನ್ನು ಕೂಡಿಸಿದರೆ ಹೇಗೆಂಬುದು ಪ್ರಶ್ನೆ. ೨೦೧೬ರಲ್ಲಿ ಬಂದ ಉತ್ತರವು, ಏನೂ ಪ್ರಯೋಜನವಿಲ್ಲ, ಮಗುವಿಗೆ ಹಿಂಸೆ ಹೆಚ್ಚು, ಎಂಬುದಾಗಿದ್ದಿತು. ಇಷ್ಟು ದೊಡ್ಡ ಸೋಲನ್ನು ಮುಚ್ಚಿಡದೆ ಅಚ್ಚುಹಾಕಿದವರನ್ನು ನಾವು ಗೌರವಿಸುವೆವು. ಯೂಯಿಂಗ್ ಸಾರ್ಕೋಮದಲ್ಲಿ ಮಾತ್ರ ಒಂದು ಸರಳವಾದ ಜಯವು ದೊರೆಯಿತು. ಮೂರು ವಾರಕ್ಕೊಮ್ಮೆ ಕೊಡುತ್ತಿದ್ದ ಅವೇ ಔಷಧಗಳನ್ನು ಎರಡು ವಾರಕ್ಕೊಮ್ಮೆ ಕೊಟ್ಟಾಗ, ಐದು ವರ್ಷ ರೋಗವು ಮರುಕಳಿಸದವರ ಸಂಖ್ಯೆಯು ನೂರಕ್ಕೆ ೬೫ರಿಂದ ೭೩ಕ್ಕೆ ಏರಿತೆಂದು ೨೦೧೨ರಲ್ಲಿ ಪ್ರಕಟವಾಯಿತು. ಹೊಸ ಔಷಧವಿಲ್ಲ, ಪಂಚಾಂಗವನ್ನು ಬದಲಾಯಿಸಿದರು, ಅಷ್ಟೆ! ಆ ರೋಗದ ಮೂಲವೂ ಗೊತ್ತಾಗಿದೆ: ಜೀವಕೋಶದೊಳಗಿನ ಹನ್ನೊಂದನೆಯ ಮತ್ತು ಇಪ್ಪತ್ತೆರಡನೆಯ ವರ್ಣತಂತುಗಳು ತಮ್ಮ ತುದಿಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಮೂಲವು ಸಿಕ್ಕರೂ ಅದಕ್ಕೇ ನೇರವಾಗಿ ತಾಗುವ ಔಷಧವು ಇನ್ನೂ ಪರಿಶೋಧಕರ ಕೈಗೆ ಸಿಕ್ಕಿಲ್ಲ.

ನಮ್ಮ ರಾಜ್ಯದ ಸಂಗತಿಗೆ ಬರುವ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು ೧೯೭೩ರಲ್ಲಿ ಸ್ಥಾಪಿತವಾಗಿ, ೧೯೮೦ರಲ್ಲಿ ಪ್ರಾಂತೀಯ ಕ್ಯಾನ್ಸರ್ ಕೇಂದ್ರವಾಯಿತು. ಮಕ್ಕಳ ಕ್ಯಾನ್ಸರಿಗೆ ಅಲ್ಲಿ ಬೇರೆ ವಿಭಾಗವೇ ಇದೆ. ಮಂಗಳೂರು ಮಣಿಪಾಲಗಳ ದೊಡ್ಡ ಆಸ್ಪತ್ರೆಗಳೂ ಘಟ್ಟದ ಮೇಲಿನ ನಮಗೆ ದೂರವಲ್ಲ. ದೊಡ್ಡ ಪ್ರಮಾಣದ ಮಿಥೋಟ್ರೆಕ್ಸೇಟನ್ನು ಕೊಡಬೇಕಾದರೆ ರಕ್ತದಲ್ಲಿ ಅದರ ಅಳತೆಯನ್ನು ಮೇಲಿಂದ ಮೇಲೆ ನೋಡುತ್ತಿರಬೇಕು; ಆ ಅನುಕೂಲವಿಲ್ಲದ ಕಡೆಗಳಿಗಾಗಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಅದನ್ನು ಬಿಟ್ಟು ಬೇರೆ ಮೂರು ಔಷಧಗಳ ಕ್ರಮವೊಂದನ್ನು ರೂಢಿಗೆ ತಂದಿದ್ದಾರೆ. ಖರ್ಚಿನ ವಿಷಯ: ೨೦೧೮ರಿಂದ ನಡೆದಿರುವ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯು ದೊರೆಯುತ್ತದೆ. ಆಧಾರ್, ಪಡಿತರ ಚೀಟಿ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ, ಇವನ್ನು ಮೊದಲೇ ಒಂದು ಚೀಲದಲ್ಲಿ ಜೋಡಿಸಿಟ್ಟುಕೊಳ್ಳುವುದು ಒಳ್ಳೆಯದು. ಆದರೆ ತಿಂಗಳುಗಟ್ಟಲೆ ತಾಯಿಯ ಕೂಲಿ ಹೋಗುವುದನ್ನು ಯಾವ ಯೋಜನೆಯೂ ತುಂಬಿಕೊಡುವುದಿಲ್ಲ.

ಇನ್ನು ಮನೆಯಲ್ಲಿ ನೋಡಿಕೊಳ್ಳತಕ್ಕ ಸಂಗತಿ. ಬೆಳೆಯುವ ಮಕ್ಕಳ ಸಹಜವಾದ ನೋವು ಎರಡು ಕಾಲುಗ ಳಲ್ಲಿಯೂ ಇರುತ್ತದೆ, ಸಂಜೆಗೆ ಬಂದು ಬೆಳಗ್ಗೆ ಇರುವುದಿಲ್ಲ, ಒತ್ತಿದರೆ ಹಿತವೆನಿಸುತ್ತದೆ. ಒಂದೇ ಕಾಲಿನ ಒಂದೇ ಸ್ಥಳದಲ್ಲಿ ನಿಂತು, ಮಲಗಿದಾಗಲೂ ಎಬ್ಬಿಸುವಂತಿದ್ದು, ಎರಡು ಮೂರು ವಾರವಾದರೂ ಬಿಡದ ನೋವು ಬೇರೆ. ಅದರೊಡನೆ ಗಟ್ಟಿಯಾದ ಬಾವು ಅಥವಾ ಕುಂಟು ಕಾಣಿಸಿದರೆ ಒಂದು ದಿನವನ್ನೂ ಕಳೆಯಕೂಡದು. ಎಕ್ಸ್‌ರೇ ಒಂದು ಸಾಕು, ಸಂಶಯ ಹುಟ್ಟುವುದಕ್ಕೆ; ಅದು ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯಂತಹ ತಾಲ್ಲೂಕು ಆಸ್ಪತ್ರೆಯಲ್ಲಿಯೇ ಆಗುತ್ತದೆ. ನೀವಿಸುವುದು, ಎಳೆಯಿಸುವುದು, ಬಿಗಿಯಾಗಿ ಕಟ್ಟುವುದು ಬೇಡವೇ ಬೇಡ. ನಾಟಿವೈದ್ಯರನ್ನು ನಾವು ಹಳಿಯುತ್ತಿಲ್ಲ. ಕಾಫಿತೋಟದಲ್ಲಿ ಜಾರಿ ಬಿದ್ದು ಕೈ ಮುರಿದವರನ್ನು ಅವರು ಸರಿಪಡಿಸಿದುದನ್ನು ಕಂಡಿದ್ದೇವೆ. ಚಿತ್ರ ತೆಗೆಯಿಸದೆ ಮಗುವಿನ ಬಾವಿಗೆ ಕೈಹಾಕಬಾರದೆಂಬುದಷ್ಟೇ ನಮ್ಮ ಮಾತು. ಕೀವೆಂದು ತಿಳಿದು ಕೊಯ್ಯಿಸುವುದಂತೂ ಇನ್ನೂ ಕೆಟ್ಟದ್ದು. ಬಯಾಪ್ಸಿ, ಎಂದರೆ ಪರೀಕ್ಷೆಗಾಗಿ ಚೂರು ತೆಗೆಯುವುದನ್ನು ಕೂಡ, ಮುಂದೆ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರ ಕೈಯಲ್ಲಿಯೇ ಮಾಡಿಸಬೇಕು. ಸೂಜಿ ಹೋದ ದಾರಿಯನ್ನೂ ಅವರು ಮೂಳೆಯೊಡನೆ ತೆಗೆಯಬೇಕಾಗುತ್ತದೆ, ಎಲ್ಲೆಂದರಲ್ಲಿ ಚುಚ್ಚಿದ್ದರೆ ಉಳಿಯಬಹುದಾದ ಕಾಲು ಉಳಿಯದೆ ಹೋಗುತ್ತದೆ. ಗಾಬರಿಯಾಗುವವರಿಗೆ ಒಂದು ಮಾತು: ಹೀಗೆ ಎಕ್ಸ್‌ರೇ ತೆಗೆಯಿಸಿದ ನೂರಾರು ಮಕ್ಕಳಲ್ಲಿ ಬಹುಮಂದಿಗೆ ಏನೂ ಇರುವುದಿಲ್ಲ. ಅದು ಹಣ ದಂಡವಾದಂತಲ್ಲ.

ನಮ್ಮ ಜಗಲಿಗೆ ಬಂದ ಹುಡುಗಿಯನ್ನು ಎರಡು ವರ್ಷದ ಕೆಳಗೆ ಅದೇ ವಾರ ಎಕ್ಸ್‌ರೇಗೆ ಕಳುಹಿಸಿದೆವು. ಹತ್ತನೆಯ ದಿನ ಅವಳು ಬೆಂಗಳೂರಿನಲ್ಲಿದ್ದಳು. ಶ್ವಾಸಕೋಶವು ಶುಭ್ರವಾಗಿದ್ದಿತು. ಔಷಧದ ಮೂರು ಸರದಿಗಳು ಮುಗಿಯುವ ಹೊತ್ತಿಗೆ ಕೂದಲೆಲ್ಲ ಉದುರಿ, ಬಾಯಿಹುಣ್ಣಿನಿಂದ ಗಂಜಿಯೂ ಇಳಿಯದೆ, ಹುಡುಗಿಯು ಕಡ್ಡಿಯಾಗಿದ್ದಳು. ಅಷ್ಟರಲ್ಲಿ ಬಾವು ಇಳಿದು ನೋವು ನಿಂತಿದ್ದಿತು. “ವಾಸಿಯಾಯ್ತಲ್ಲ ಮೇಷ್ಟ್ರೇ, ಇನ್ನ್ಯಾಕೆ ಕೊಯ್ಸೋದು? ಮಗು ಔಷಧದಿಂದಲೇ ಸಾಯ್ತದೆ” ಎಂದು ತಂದೆಯು ಹಟಹಿಡಿದು ಊರಿಗೆ ಕರೆದುಕೊಂಡು ಬಂದುಬಿಟ್ಟನು. ನಾವು ಅವರ ಲೈನುಮನೆಗೆ ಎರಡು ಸಂಜೆ ಹೋದೆವು. ಅಂಕಿಅಂಶಗಳು ಅವನಿಗೆ ಹಿಡಿಸಲಿಲ್ಲ. ಕೊನೆಗೆ ಸುಶ್ರುತನ ಬೆಂಕಿಯ ಮಾತನ್ನೇ ಹೇಳಿದೆವು. ಬೇಸಗೆಯಲ್ಲಿ ಗುಡ್ಡದ ಹುಲ್ಲಿಗೆ ಬಿದ್ದ ಬೆಂಕಿಯನ್ನು ಸೊಪ್ಪಿನಿಂದ ಬಡಿದು ಆರಿಸಿದವನು ಅವನು. ಆರಿತೆಂದು ಮನೆಗೆ ಬಂದು ಮಲಗಿದಮೇಲೆ ದಿಮ್ಮಿಯೊಳಗಿನ ಕೆಂಡ ಮತ್ತೆ ಹೊತ್ತಿದುದನ್ನೂ ಕಂಡವನು. ಬಹಳ ಹೊತ್ತು ಸುಮ್ಮನೆ ಕುಳಿತಿದ್ದನು. ಮರುದಿನ ಬೆಳಗಿನ ಬಸ್ಸಿಗೆ ತಾಯಿಮಗಳನ್ನು ತಾನೇ ಹತ್ತಿಸಿದನು. ವೈದ್ಯರು ಹನ್ನೆರಡು ದಿನ ತಡವಾದುದಕ್ಕೆ ಗದರಿಸಿದರಂತೆ.

ಈಗ ಅವಳ ತೊಡೆಯ ಮೂಳೆಯ ಕೆಳಭಾಗವೂ ಮಂಡಿಯೂ ಲೋಹದವು. ಆ ಕಾಲು ಬೆಳೆಯದ ಕಾರಣ ಒಂದು ಚಪ್ಪಲಿಗೆ ಬೆರಳು ದಪ್ಪದ ಅಟ್ಟೆ ಹೆಚ್ಚು ಹಾಕಿಸಿಕೊಂಡಿದ್ದಾಳೆ. ಒಂದು ಕಿವಿ ಸ್ವಲ್ಪ ಮಂದ. ಸಿಸ್‌ಪ್ಲಾಟಿನ್ ಔಷಧದ ಋಣವದು. ಹೃದಯದ ಪರೀಕ್ಷೆಯನ್ನೂ ಆಗಾಗ ಮಾಡಿಸಬೇಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲಾರಳು. ಕುಕ್ಕರಗಾಲಿನಲ್ಲಿ ಕೂರಲಾರಳಾದುದರಿಂದ ಶಾಲೆಯ ಶೌಚಾಲಯವೇ ಅವಳಿಗೆ ದೊಡ್ಡ ತೊಡಕಾಗಿದ್ದಿತು. ಅಂತಹದೊಂದು ಕುರ್ಚಿಯನ್ನು ಹಾಕಿಸಿಕೊಟ್ಟದ್ದು ಅವಳ ತರಗತಿಯ ಹುಡುಗಿಯರು ಕೂಡಿಹಾಕಿದ ಹಣ. ಮೇಲ್ಮಹಡಿಯಲ್ಲಿದ್ದ ಒಂಬತ್ತನೆಯ ತರಗತಿಯನ್ನು ಮುಖ್ಯೋಪಾಧ್ಯಾಯಿನಿಯವರು ಕೆಳಕ್ಕೆ ಇಳಿಸಿದರು.

ಭಾನುವಾರ ಅವಳು ಬಂದದ್ದು ಅಸ್ಥಿ ಶಬ್ದದ ರೂಪಗಳನ್ನು ಕೇಳುವುದಕ್ಕೆ. ಮುಂದಿನ ವಾರ ಪರೀಕ್ಷೆಯಂತೆ. ಅಸ್ಥಿ, ದಧಿ, ಸಕ್ಥಿ, ಅಕ್ಷಿ, ಎಂದರೆ ಮೂಳೆ, ಮೊಸರು, ತೊಡೆ, ಕಣ್ಣು, ಈ ನಾಲ್ಕೂ ಒಂದೇ ಸೂತ್ರಕ್ಕೆ ಸೇರಿದ ಹಟಮಾರಿಗಳೆಂದು ಹೇಳಿಕೊಟ್ಟೆವು. ತೃತೀಯಾ ವಿಭಕ್ತಿಯಲ್ಲಿ ಎರಡು ಸಲ ತಪ್ಪಿದಳು. ಬರುವ ಮಂಗಳವಾರ ಮೂರು ತಿಂಗಳ ಸರದಿಯ ಎದೆಯ ಚಿತ್ರಕ್ಕಾಗಿ ತಾಯಿಯೊಡನೆ ಬೆಂಗಳೂರಿಗೆ ಹೊರಡುತ್ತಾಳೆ. ಅದರ ಫಲವನ್ನು ನಾವೂ ಕಾಯುತ್ತಿದ್ದೇವೆ. ಕೆಮ್ಮು ನೆಗಡಿಗಳ ವಿಚಾರವು ಮುಂದಿನ ಸಂಚಿಕೆಯಲ್ಲಿ.